ಕೆ.ಎಸ್. ಅಳತೆ

ಮತ್ತೊಂದು ಕಬ್ಬಿನ ಟ್ರ್ಯಾಕ್ಟರು, ಲ್ಯಾಬಿನ ಕಿಟಕಿ ಗಾಜೆಲ್ಲ ಗಡಗಡ, ಅದರ ಹಾಡಿನ ಅರ್ಧ ಸಾಲು ಒಳಗೆ ಬಂತು, ಇನ್ನರ್ಧ ಮಳವಳ್ಳಿ ರಸ್ತೆಯಲ್ಲೇ ಉಳಿಯಿತು, ಹಾಳಾಗಿ ಹೋಗಲಿ, ಟ್ರ್ಯಾಕ್ಟರು ಹೋದರೂ ಪರದೆಯ ಮೇಲಿನ ಪ್ರಶ್ನೆ ಹೋಗುವುದಿಲ್ಲ, ಲೈಸೆನ್ಸ್ ಆರಿಸಿ, ಲೈಸೆನ್ಸ್ ಆರಿಸಿ — ಆಗಲೇ ಹನ್ನೊಂದೂ ಮುಕ್ಕಾಲು. ಊಟಕ್ಕೆ ಮುಂಚೆ ಹಾಕ್ಬಿಡಿ ರಮ್ಯಶ್ರೀ ಮೇಡಂ, ಎಂದು ಯತೀಶ್ ಸರ್ ಬಾಗಿಲಲ್ಲಿ ನಿಂತೇ ಹೇಳಿ ಹೋದರು, ನಮ್ಮ ವಿಭಾಗದ ಮುಖ್ಯಸ್ಥರು, ಒಳಗೆ ಎರಡು ಹೆಜ್ಜೆ ಇಟ್ಟರೆ ಸವೆದು ಹೋಗುತ್ತಾರೆ. ಡಿಪ್ಲೊಮಾ ಹುಡುಗರಿಗೆ ಅಂತ ನಾನು ಬರೆದಿಟ್ಟ ಮಾದರಿ ಕೋಡುಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಬೇಕಂತೆ, ಯಾವ ಕಾಲೇಜಿನವರು ಬೇಕಾದರೂ ತೆಗೆದುಕೊಳ್ಳುವ ಹಾಗೆ, ಜೊತೆಗೆ ಒಂದು ಲೈಸೆನ್ಸ್ ಆರಿಸಿದರೆ ಮುಗಿಯಿತಂತೆ. ಪಟ್ಟಿಯಲ್ಲಿ ಏಳೆಂಟು ಇವೆ, ನನಗೆ ಬೇಕಾದ್ದು ಎರಡೇ. ಒಂದು ಹೇಳುತ್ತದೆ, ಏನು ಬೇಕಾದರೂ ಮಾಡಿಕೊಳ್ಳಿ, ನನಗೆ ಹಕ್ಕೂ ಬೇಡ ಹೆಸರೂ ಬೇಡ. ಇನ್ನೊಂದು, ಎಂ.ಐ.ಟಿ. ಅಂತ ಕರೆಯುವುದು, ಅದೂ ಹೇಳುತ್ತದೆ, ಏನು ಬೇಕಾದರೂ ಮಾಡಿಕೊಳ್ಳಿ, ಆದರೆ ಮೇಲೆ ಬರೆದಿರುವ ಹೆಸರಿನ ಸಾಲನ್ನು ಮಾತ್ರ ಅಳಿಸಬೇಡಿ. ವ್ಯತ್ಯಾಸ ಇಷ್ಟೇ, ಒಂದು ಸಾಲು. ಆ ಒಂದು ಸಾಲಿಗೆ ಬೆಳಗಿನಿಂದ ನನ್ನ ಮೈ ಉರಿಯುತ್ತಿದೆ.

ಮೊದಲನೇದೇ ಹಾಕಿ ಮೇಡಂ, ಸ್ಯಾಂಪಲ್ ಕೋಡು ತಾನೇ, ಹತ್ತು ಸಾಲು ಕಾಪಿ ಮಾಡ್ಕೊಳೋ ಹುಡುಗ ನಿಮ್ಮ ಹೆಸರ್ನೂ ಹೊತ್ಕೊಂಡು ಓಡಾಡ್ಬೇಕಾ, ಜ್ಞಾನ ಅನ್ನೋದು ಎಲ್ಲಾರ್ದೂ ಅಲ್ವಾ, ಇದು ಯತೀಶ್ ಸರ್ ಉಪದೇಶ — ಎಲ್ಲರದೂ ಹೌದು ಸ್ವಾಮಿ, ನಿಮ್ಮ ಮನೆ ಗೇಟಿನ ಮೇಲೆ ಮಾತ್ರ ಹಿತ್ತಾಳೆ ಫಲಕದಲ್ಲಿ ನಿಮ್ಮ ಹೆಸರು, ನಿಮ್ಮ ಹೆಸರಿನ ಹಿಂದೆ ನಿಮ್ಮಪ್ಪನ ಹೆಸರು, ಅದರ ಹಿಂದೆ ಊರಿನ ಹೆಸರು, ಹೋದ ವರ್ಷ ಬರೆಸಿದ ಪುಸ್ತಕದ ರಕ್ಷಾಪುಟದ ಮೇಲೆ ಪಾಸ್‌ಪೋರ್ಟ್ ಫೋಟೊ ಸಮೇತ ಹೆಸರು, ಅದರಲ್ಲಿ ಆರನೇ ಅಧ್ಯಾಯ ನಾನು ಬರೆದದ್ದು, ಅಲ್ಲಿ ಜ್ಞಾನ ಎಲ್ಲರದೂ ಆಗಲಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುವುದು ಇದಕ್ಕೇ. ಅಷ್ಟಾದರೂ ಅವರ ಮೇಲೆ ಅಲ್ಲ ನನ್ನ ಸಿಟ್ಟು, ಅವರು ಗಾಳಿ ಬಂದ ಕಡೆ ತೂರಿಕೊಳ್ಳುವ ಮನುಷ್ಯ, ಬೆಳಗ್ಗೆ ಸ್ಟಾಫ್ ಗ್ರೂಪಿಗೆ ಒಂದು ವಿಡಿಯೊ ಹಾಕಿದರಲ್ಲ, ಅದರ ಮೇಲೆ. ನಮ್ಮ ಹಳೆಯ ವಿದ್ಯಾರ್ಥಿ ಸಂತೋಷ್, ದುದ್ದದ ಹುಡುಗ, ಮಂಡ್ಯದಲ್ಲಿ ಯಾವುದೋ ಸ್ಪರ್ಧೆ, ಗದ್ದೆಗೆ ನೀರು ಹಂಚುವ ಆ್ಯಪ್ ಮಾಡಿದ್ದಾನೆ, ಮೊದಲ ಬಹುಮಾನ, ಕೊರಳಲ್ಲಿ ಹಾರ, ಕೈಯಲ್ಲಿ ಮೈಕು — ಇದು ನಮ್ಮ ತಾತನ ಕಾಲದ ಪದ್ಧತಿ, ನಮ್ಮ ತಾತ ಪುಟ್ಟರಾಜು ಅವರ ಅಳತೆ, ಅದ್ನೇ ನಾನು ಕೋಡ್ ಮಾಡಿರೋದು. ಚಪ್ಪಾಳೆ. ಯತೀಶ್ ಸರ್ ಅದರ ಕೆಳಗೆ ಬರೆದಿದ್ದಾರೆ, ನಮ್ಮ ಕಾಲೇಜಿನ ಹೆಮ್ಮೆ, ಇಂಥ ಇನ್ನೂ ನೂರು ಸಂತೋಷ್‌ಗಳು ಬರಲಿ. ಹದಿನೇಳು ಜನ ಹೆಬ್ಬೆಟ್ಟು ಒತ್ತಿದ್ದಾರೆ. ನಾನೂ ಒತ್ತಿದೆ, ಥೂ, ನೋಡುವ ಮೊದಲೇ ಒತ್ತಿದೆ.

ತಾತನ ಅಳತೆಯಂತೆ. ಯಾವ ತಾತನಪ್ಪಾ ನಿನ್ನ ತಾತ, ನಾಲ್ಕು ಎಕರೆ ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದನೋ ಏನೋ, ಅವನ ಕಾಲಿಗೆ ಕೆಸರು ಹತ್ತಿದ್ದು ಯಾವಾಗ. ಆ ಅಳತೆ ನನ್ನ ತಾತನದು. ಕರಿಸಿದ್ದಯ್ಯ. ನಮ್ಮೂರ ಕೆರೆಯ ನೀರುಗಂಟಿ, ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವವನು, ಚಿಕ್ಕರಸಿನಕೆರೆ ಕಡೆಯ ಎಲ್ಲ ಊರಿನಲ್ಲೂ ಅಂಥವನೊಬ್ಬ ಇದ್ದ, ನಮ್ಮ ಕೇರಿಯವನೇ ಆಗಿರುತ್ತಿದ್ದ. ಗಡಿಯಾರ ಇಲ್ಲ, ಅಳತೆಗೋಲು ಇಲ್ಲ, ಕಾಲುವೆಯಿಂದ ಗದ್ದೆಗೆ ನೀರು ಹರಿಯುವ ಮಡೆ ಬಿಡಿಸಿ ನೀರಿಗೆ ಬಲಗಾಲು ಇಟ್ಟು ನಿಲ್ಲುವುದು, ಪಾದದ ಗಂಟು ಮುಳುಗಿದರೆ ಒಂದು ಪಾಲು, ಬೆರಳು ಮಾತ್ರ ಮುಳುಗಿದರೆ ಕಾಲು ಪಾಲು, ಹೊತ್ತು ಲೆಕ್ಕ ಹಾಕುವುದು ಬೀಡಿಯಲ್ಲಿ, ಸಣ್ಣ ತಾಕಿಗೆ ಎರಡು ಬೀಡಿ, ದೊಡ್ಡ ತಾಕಿಗೆ ಐದು. ನಾನು ಪಕ್ಕದಲ್ಲಿ ನನ್ನ ಕಾಲನ್ನೂ ಇಡುತ್ತಿದ್ದೆ, ನೀರು ಮಂಡಿಗೆ ಬರುತ್ತಿತ್ತು, ನಿನ್ ಕಾಲ್ನಲ್ಲಿ ಅಳದ್ರೆ ಊರೆಲ್ಲ ಒಣಗ್ ಓಯ್ತದೆ ಕಣವ್ವ, ಎಂದು ನಗುತ್ತಿದ್ದ. ಕೆಳಗಿನ ಗದ್ದೆಗೆ ಮೊದಲು ನೀರು, ಮೇಲಿನವನು ಎಷ್ಟೇ ದೊಡ್ಡವನಾದರೂ ಆಮೇಲೆ. ಇನ್ನೊಂದು ಕಟ್ಟಳೆ, ಯಾರ ಮನೆಯಲ್ಲಾದರೂ ಸಾವಾದರೆ ಅವರ ಸರದಿ ತಪ್ಪುವ ಹಾಗಿಲ್ಲ, ಅವರು ಗದ್ದೆಗೆ ಬರಲಾರರು, ಹದಿಮೂರು ದಿನ ನೀರುಗಂಟಿಯೇ ಹೋಗಿ ಅವರ ಮಡೆ ತಿರುಗಿಸಬೇಕು, ಯಾರೂ ಕೇಳಬೇಕಾಗಿಲ್ಲ, ಯಾರೂ ಹೇಳಬೇಕಾಗಿಲ್ಲ. ಪಟೇಲರ ಮನೆಯ ಮುದುಕಿ ಸತ್ತಾಗ ಹಾಗೇ ಮಾಡಿದ, ಜಗಲಿ ಹತ್ತಲು ಬಿಡದ ಮನೆಗೂ ಹದಿಮೂರು ದಿನ ನೀರು ಕಟ್ಟಿದ. ಸಾವು ಜಾತಿ ನೋಡ್ಕಂಡ್ ಬತ್ತದಾ, ನೀರ್ ಯಾಕ್ ನೋಡ್ಬೇಕು, ಅಂದ.

ಅದನ್ನೇ ನಾನು ಪಾಠ ಮಾಡಿದೆ, ಎರಡನೇ ವರ್ಷದ ಹುಡುಗರಿಗೆ ಸರತಿ ಸಾಲನ್ನು ಕೋಡಿನಲ್ಲಿ ಕಟ್ಟುವುದು ಹೇಗೆ ಅಂತ, ಪುಸ್ತಕದಲ್ಲಿ ಬ್ಯಾಂಕಿನ ಕೌಂಟರ್ ಉದಾಹರಣೆ ಇತ್ತು, ಹುಡುಗರು ಆಕಳಿಸುತ್ತಿದ್ದರು, ಗದ್ದೆ ನೀರು ಅಂದ ಕೂಡಲೇ ನೆಟ್ಟಗೆ ಕೂತರು. ಬೀಡಿಯನ್ನು ನಿಮಿಷ ಮಾಡಲು ಚಿಕ್ಕಪ್ಪನನ್ನು ಕೂರಿಸಿ ಬೀಡಿ ಸೇದಿಸಿ ಮೊಬೈಲಿನಲ್ಲಿ ಅಳೆದೆ, ಏಳು ನಿಮಿಷ, ಮಾತಾಡುತ್ತಾ ಸೇದಿದರೆ ಒಂಬತ್ತು. ಇನ್ನೂರ ಹತ್ತು ಸಾಲು ಕೋಡು. ನೀರಿನ ಅಳತೆಗೆ ಒಂದು ಹೆಸರು ಬೇಕಿತ್ತಲ್ಲ, ಕರಿಗೆ ಕೆ., ಸಿದ್ದಯ್ಯಗೆ ಎಸ್., ಕೆ.ಎಸ್. ಎಂದು ಇಟ್ಟೆ. ಕೆ.ಎಸ್. ಒಂದು, ಕೆ.ಎಸ್. ಕಾಲು. ಇವತ್ತು ಬೆಳಗ್ಗೆ ಸಂತೋಷನ ಆ್ಯಪಿನ ಕೋಡು ತೆರೆದು ನೋಡಿದೆ, ಜಂಬಕ್ಕೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾನೆ, ಇನ್ನೂರ ಹತ್ತು ಸಾಲೂ ನನ್ನದೇ, ಬಣ್ಣ ಬಳಿದಿದ್ದಾನೆ, ಅಷ್ಟೇ. ಕೆ.ಎಸ್. ಇದ್ದ ಕಡೆಯೆಲ್ಲ ಪುಟ್ಟರಾಜು. ಒಂದೊಂದಾಗಿ ಬದಲಿಸುವ ಕಷ್ಟವನ್ನೂ ತೆಗೆದುಕೊಂಡಿಲ್ಲ ಮಹಾರಾಯ, ಎಲ್ಲ ಕಡೆ ಒಟ್ಟಿಗೆ ಬದಲಿಸು ಅಂತ ಒತ್ತಿದ್ದಾನೆ, ಅದಕ್ಕೇ ಈಗ ಮಡೆಯ ನೀರಿನಲ್ಲಿ ಕಾಲಿಟ್ಟು ನಿಂತಿರುವವನು ಪುಟ್ಟರಾಜು, ಬೀಡಿ ಸೇದುವವನು ಪುಟ್ಟರಾಜು, ಕೆಳಗಿನ ಗದ್ದೆಗೆ ಮೊದಲು ನೀರು ಬಿಡುವ ಧರ್ಮಾತ್ಮನೂ ಪುಟ್ಟರಾಜು. ತನ್ನ ತಾತನನ್ನು ನೀರುಗಂಟಿ ಮಾಡಿದ್ದಾನೆ ಅಂತ ಆ ಹುಡುಗನಿಗೇ ಗೊತ್ತಿಲ್ಲ, ಅವನ ಮನೆಯವರಿಗೆ ಗೊತ್ತಾದರೆ ಮೊದಲು ಅವನ ಬೆನ್ನು ಮುರಿಯುತ್ತಾರೆ. ನಗು ಬಂತು, ನಿಜವಾಗಿ ಬಂತು, ಆಮೇಲೆ ಸಾವಿನ ಮನೆಯ ಕಟ್ಟಳೆ ಇದ್ದ ಸಾಲು ಸಿಕ್ಕಿತು, ಹದಿಮೂರು ದಿನ ಹಾಗೇ ಇದೆ, ಹೆಸರು ಮಾತ್ರ ಹಾಲಿಡೇ ಮೋಡ್. ಹಾಲಿಡೇ ಮೋಡ್! ಹೆಣ ಇಟ್ಟುಕೊಂಡ ಮನೆಗೆ ಹಾಲಿಡೇ ಮೋಡು. ನಗು ಅಲ್ಲೇ ಸತ್ತಿತು. ಮೇಜಿನ ಮೇಲಿದ್ದ ಸ್ಟೀಲ್ ಲೋಟ ನಾನೇ ಎತ್ತಿ ಕುಕ್ಕಿದೆ, ನೀರು ಕೀಬೋರ್ಡಿಗೆ ಚೆಲ್ಲಿತು, ದುಪಟ್ಟಾದಲ್ಲಿ ಒರೆಸಿದೆ — ಆವತ್ತಿನ ಪಾಠದಲ್ಲಿ, ಎರಡನೇ ಸಾಲಿನ ಬೆಂಚಿನಿಂದ ಒಂದು ಕೈ ಮೇಲೆದ್ದಿದೆ, ಮಣಿಕಟ್ಟಿಗೆ ಕೆಂಪು ದಾರ — ಅದು ಈಗ ಯಾಕೆ, ಬೇಡ, ಲೈಸೆನ್ಸಿನ ಕಡೆ ನೋಡು ರಮ್ಯಶ್ರೀ.

ಹೆಸರಿನ ಸಾಲು ಇರುವುದನ್ನೇ ಹಾಕುತ್ತೇನೆ. ಹಾಕಿ, ಆಮೇಲೆ ಆ ಹುಡುಗನಿಗೊಂದು ಪತ್ರ, ಬಹುಮಾನ ಕೊಟ್ಟವರಿಗೊಂದು ಪತ್ರ, ಯತೀಶ್ ಸರ್‌ಗೆ ಅದರ ಪ್ರತಿ. ಲೈಸೆನ್ಸೇ ಇಲ್ಲದ ಕೋಡನ್ನು ಕೇಳದೆ ಎತ್ತಿಕೊಳ್ಳುವ ಹಾಗಿಲ್ಲ, ಅದು ನಿಯಮ, ನಾನೇ ಪಾಠ ಮಾಡಿದ್ದೇನೆ, ಕೊಟ್ಟೆ ಎಂದು ಬರೆಯದೆ ಇದ್ದರೆ ಕೊಟ್ಟಿಲ್ಲ ಅಂತಲೇ ಅರ್ಥ. ತಾತನ ಹೆಸರನ್ನು ನಮ್ಮೂರಲ್ಲಿ ಯಾರೂ ಪೂರ್ತಿ ಕರೆಯಲಿಲ್ಲ. ಮೀಸೆ ಮೂಡದ ಹೈದನೂ, ಲೇ ಕರಿಸಿದ್ದ, ನಮ್ ಮಡೆ ಬುಡ್ಲಾ, ಎನ್ನುತ್ತಿದ್ದ, ತಾತ ಅವನಿಗೆ ಬತ್ತೀನಿ ಬುದ್ದಿ ಎನ್ನುತ್ತಿದ್ದ, ಅರವತ್ತೈದು ವರ್ಷದ ಮುದುಕ. ಕೊನೆಯ ಅಯ್ಯ ಇದ್ದದ್ದು ರೇಷನ್ ಕಾರ್ಡಿನಲ್ಲಿ ಒಂದು ಸಲ, ಸಾವಿನ ಸರ್ಟಿಫಿಕೇಟಿನಲ್ಲಿ ಒಂದು ಸಲ. ಮೂರನೇ ಸಲ ಇಲ್ಲಿ ಇರಲಿ. ಇದನ್ನು ಎತ್ತಿಕೊಂಡವರೆಲ್ಲ, ದುದ್ದದವರೋ ದೆಹಲಿಯವರೋ, ಎತ್ತಿಕೊಂಡ ಕಡೆಗೆಲ್ಲ ಆ ಅಯ್ಯನನ್ನೂ ಎತ್ತಿಕೊಂಡು ಹೋಗಲಿ, ಇಷ್ಟವಿಲ್ಲದಿದ್ದರೆ ಕೋಡನ್ನೂ ಮುಟ್ಟದಿರಲಿ.

ಹತ್ತು ಗಂಟೆಗೆ ಪ್ರೀತಂಗೆ ಫೋನ್ ಮಾಡಿದ್ದೇ ತಪ್ಪಾಯಿತು. ತಮ್ಮ ಅಲ್ಲವಾ, ಖುಷಿಪಡುತ್ತಾನೆ ಅಂದುಕೊಂಡೆ, ತಾತನ ಹೆಗಲ ಮೇಲೆ ಕೂತೇ ಬೆಳೆದವನು. ಅಕ್ಕಾ, ಕರಿಸಿದ್ದಯ್ಯ ಅಂತ ಹಾಕ್ಬೇಡ, ಹಾಕಿದ್ರೂ ನೀರುಗಂಟಿ ಅಂತ ಮಾತ್ರ ಹಾಕ್ಲೇಬೇಡ, ಎಂದ. ಯಾಕೋ. ನನ್ ಹೆಸ್ರು ಹುಡುಕಿದ್ರೆ ನಿನ್ ಹೆಸ್ರು ಬರುತ್ತೆ, ನಿನ್ ಹೆಸ್ರಲ್ಲಿ ಅದು ಬರುತ್ತೆ, ಈ ಮನೆ ಸಿಗಕ್ಕೆ ಎಷ್ಟು ಅಲೆದೆ ಗೊತ್ತಾ ನಿಂಗೆ, ಓನರ್ ಆಂಟಿ ಮೊನ್ನೆ ಕೂಡ ಕೇಳಿದ್ರು, ನಿಮ್ದು ಯಾವ ಕಡೆ, ಮನೆ ದೇವ್ರು ಯಾವ್ದು ಅಂತ, ನಾನು ಏನೋ ಒಂದು ಹೇಳ್ದೆ. ಏನು ಹೇಳ್ದೆ. ಬುಡಕ್ಕಾ. ಏನು ಹೇಳ್ದೆ ಪ್ರೀತಂ. ಇಡ್ತೀನಿ, ಆಫೀಸಲ್ಲಿದೀನಿ, ಬರೀ ಕೆ.ಎಸ್. ಅಂತ ಇರ್ಲಿ, ಹೆಂಗೂ ಇಷ್ಟ್ ವರ್ಷದಿಂದ ಹಂಗೇ ಐತಲ್ಲ. ಮಂಡ್ಯದಲ್ಲಿ ಎರಡು ರೂಮಿನ ಮನೆಗೆ ತಾತನನ್ನು ಮಾರಿಬಿಟ್ಟೆಯಲ್ಲೋ ಅಂದೆ, ಫೋನ್ ಅಷ್ಟರಲ್ಲಿ ಕಟ್ ಆಗಿತ್ತು, ಒಳ್ಳೆಯದೇ ಆಯಿತು, ಅಂಥ ಮಾತು ಅವನಿಗೆ ತಲುಪಬಾರದು, ಆದರೂ ತಲುಪಬೇಕಿತ್ತು. ಹೆಂಗೂ ಹಂಗೇ ಐತಲ್ಲ ಅಂತೆ. ಯಾಕೆ ಹಾಗೇ ಇದೆ ಎಂದು ಕೇಳಲಿಲ್ಲ ಅವನು, ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ — ಎತ್ತಿದ ಕೈ, ಕೆಂಪು ದಾರ, ಬೆರಳುಗಳು ಬಿಡಿಸಿಕೊಂಡಿವೆ, ಇನ್ನೂ ಇಳಿಸಿಲ್ಲ — ಹೋಗೋ ಅತ್ತ.

ಅಜ್ಜಿಯೇ ವಾಸಿ. ದೊಡ್ಡತಾಯಮ್ಮ, ತಾತ ಹೋಗಿ ಹನ್ನೊಂದು ವರ್ಷವಾದರೂ ಅವಳ ಬಾಯಿ ಹರಿತ ಕಮ್ಮಿಯಾಗಿಲ್ಲ. ಪ್ರೀತಂ ಫೋನ್ ಇಟ್ಟ ಸಿಟ್ಟಿಗೆ ಅವಳಿಗೆ ಮಾಡಿದೆ, ಕೋಡು ಲೈಸೆನ್ಸು ಅಂದರೆ ಅವಳಿಗೇನು ತಿಳಿಯಬೇಕು, ಅಜ್ಜಿ, ತಾತನ ನೀರಿನ ಲೆಕ್ಕವನ್ನು ಎಲ್ಲರಿಗೂ ಪುಕ್ಕಟೆ ಕೊಡ್ತಾ ಇದೀನಿ, ಹೆಸರು ಹೇಳಿ ಕೊಡ್ಲಾ, ಹೇಳದೆ ಕೊಡ್ಲಾ, ಅಂದೆ. ಪುಕ್ಸಟ್ಟೆನಾ. ಹೂಂ. ಒಳೆಗ್ ಸುರುದ್ರೂ ಅಳ್ದು ಸುರಿ ಅಂತಾರೆ ಕಣವ್ವ, ನಿಮ್ ತಾತ ಜಲಮೆಲ್ಲ ಅಳ್ದು ಅಳ್ದು ಕೊಟ್ಟ, ಯಾವನಾರ ಒಬ್ಬ ಕರಿಸಿದ್ದಯ್ಯ ಕೊಟ್ಟ ಅಂದ್ನಾ, ಕೆರೆ ನೀರು ಬಂತು ಅಂದ್ರು, ಅಷ್ಟೇಯ. ಅದಕ್ಕೇ ಅಜ್ಜಿ, ಹೆಸರು ಹಾಕ್ತೀನಿ. ಆಕು. ಆಕುದ್ರೆ ಮುಗುದೋಯ್ತದಾ, ಯಾರಾರ ಬಂದು ಯಾರಮ್ಮಾ ಇವ್ನು ಅಂದ್ರೆ ಬಾಯ್ ಬುಟ್ಟು ಯೋಳ್ಬೇಕು, ಯೋಳೀಯ? ಆಕುವುದಕ್ಕೂ ಯೋಳುವುದಕ್ಕೂ ಏನಜ್ಜಿ ವ್ಯತ್ಯಾಸ, ಎಂದು ನಾನು ರೇಗಿದೆ, ಅವಳ ಮೇಲೂ ರೇಗಿದೆ, ಎಂಬತ್ತಮೂರು ವರ್ಷದ ಮುದುಕಿಯ ಮೇಲೆ. ಅವಳು ಹಿಟ್ಟು ತೊಳಸಬೇಕು ಇಡವ್ವ ಎಂದು ಇಟ್ಟುಬಿಟ್ಟಳು.

ಬರೆದೆ. ಇಗೋ, ಎಂ.ಐ.ಟಿ. ಆರಿಸಿದೆ, ಕೆಳಗೆ ಹೆಸರಿನ ಖಾನೆ ತೆರೆದುಕೊಂಡಿತು, ಕನ್ನಡದಲ್ಲೇ ಬರೆದೆ, ಕೀಲಿಗಳು ನೀರು ಕುಡಿದು ಅಂಟುತ್ತಿವೆ, ಕ ಒತ್ತಿದರೆ ಎರಡು ಕ, ಅಳಿಸಿ ಮತ್ತೆ ಬರೆದೆ — ಕರಿಸಿದ್ದಯ್ಯ, ನೀರುಗಂಟಿ. ಅದರ ಮುಂದೆ, ಮೊಮ್ಮಗಳು ರಮ್ಯಶ್ರೀ. ಎಷ್ಟು ಸಣ್ಣ ಸಾಲು. ಇಷ್ಟನ್ನು ನಾಲ್ಕು ವರ್ಷದ ಹಿಂದೆ ಬರೆದಿದ್ದರೆ ಆ ಹುಡುಗ ಅಳಿಸಬೇಕಾಗಿತ್ತು, ಬೇಕೆಂದೇ ಅಳಿಸಬೇಕಾಗಿತ್ತು, ಆಗ ಕಳ್ಳ ಎನ್ನಬಹುದಿತ್ತು, ಈಗಲೂ ಕಳ್ಳನೇ, ಕೇಳದೆ ಎತ್ತಿಕೊಂಡವನು ಕಳ್ಳನಲ್ಲದೆ ಇನ್ನೇನು. ಪತ್ರ ಶುರು ಮಾಡುತ್ತೇನೆ, ಸಂತೋಷ್, ನೀನು ನನ್ನನ್ನು ಒಂದು ಮಾತೂ ಕೇಳದೆ — ಒಂದು ಮಾತೂ ಕೇಳದೆ — ಕೈ ಮುಂದಕ್ಕೆ ಹೋಗುತ್ತಿಲ್ಲ, ಕೀಲಿ ಅಂಟಿದೆ ಅಂದುಕೊಳ್ಳುತ್ತೇನೆ, ಅಂಟಿಲ್ಲ. ಇನ್ನೊಂದು ಟ್ರ್ಯಾಕ್ಟರು, ಇದಕ್ಕೆ ಹಾಡಿಲ್ಲ.

ಆಯ್ತಾ ಮೇಡಂ, ಯತೀಶ್ ಸರ್, ಮತ್ತೆ ಬಾಗಿಲಲ್ಲೇ, ಕೈಯಲ್ಲಿ ಊಟದ ಬುತ್ತಿ ಚೀಲ. ಆಗ್ತಾ ಇದೆ ಸರ್. ಯಾವ್ದು ಹಾಕಿದ್ರಿ. ಹೆಸರು ಇರೋದು. ಅಯ್ಯೋ, ಮತ್ತೆ ಅದೇ ಹಠ, ನೋಡಿ, ಈಗಷ್ಟೇ ಸಂತೋಷ್ ಜೊತೆ ಮಾತಾಡ್ದೆ, ನಮ್ ರಮ್ಯಶ್ರೀ ಮೇಡಂಗೆ ಬೇಜಾರಾಗಿದೆ ಕಣಯ್ಯ ಅಂತ ಅಂದೆ, ಹುಡುಗ ಒಳ್ಳೇವ್ನು, ಈಗ್ಲೇ ಫೋನ್ ಮಾಡ್ತೀನಿ ಸರ್ ಅಂದ. ಬೇಜಾರಂತೆ! ಇವರಿಗೆ ಯಾರು ಹೇಳಿದರು, ವಿಡಿಯೊ ನೋಡಿದ ನನ್ನ ಮುಖ ಹೇಳಿತೋ, ಕುಕ್ಕಿದ ಲೋಟ ಹೇಳಿತೋ. ಫೋನ್ ಆಗಲೇ ಮೇಜಿನ ಮೇಲೆ ಗುರುಗುಟ್ಟುತ್ತಿದೆ. ಎತ್ತುತ್ತೇನೆ, ಬಿಡುವುದಿಲ್ಲ, ಇವರ ಎದುರಿಗೇ ಕೇಳುತ್ತೇನೆ, ಸ್ಪೀಕರಿಗೇ ಹಾಕುತ್ತೇನೆ, ಕೇಳಿಸಿಕೊಳ್ಳಲಿ ಕಾಲೇಜಿನ ಹೆಮ್ಮೆಯನ್ನು. ಮೇಡಂ ನಮಸ್ಕಾರ, ನಾನು ಸಂತೋಷ್. ಏನಪ್ಪಾ, ಬಹುಮಾನ ಬಂತಂತೆ, ಆ ಅಳತೆ ನಿಮ್ಮ ತಾತಂದಾ, ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ ನಿನಗೆ. ಅತ್ತ ಕಡೆ ಬಸ್ಸಿನ ಸದ್ದು. ಕೇಳಿದ್ದೆ ಮೇಡಂ. ಏನು ಕೇಳಿದ್ದೆ. ಎರಡನೇ ವರ್ಷದಲ್ಲಿ, ಲ್ಯಾಬಲ್ಲೇ, ಕೈ ಎತ್ತಿ ಕೇಳಿದ್ದೆ, ಕೆ.ಎಸ್. ಅಂದ್ರೆ ಏನು ಮೇಡಂ, ಯಾರದಾದ್ರೂ ಹೆಸರಾ ಅಂತ, ನೀವು ಏನೂ ಇಲ್ಲ ಕಣೋ, ಸುಮ್ನೆ ಇಟ್ಟಿದೀನಿ, ನಿಂಗೆ ಬೇಕಾದ ಹೆಸ್ರು ಇಟ್ಕೋ ಅಂದ್ರಿ, ಅದಕ್ಕೇ ಆ್ಯಪ್ ಮಾಡುವಾಗ ನಮ್ ತಾತನ್ ಹೆಸ್ರು ಇಟ್ಟೆ, ತಪ್ಪಾಯ್ತಾ ಮೇಡಂ.

ನಿಂಗೆ ಬೇಕಾದ ಹೆಸರು ಇಟ್ಕೋ. ಅಂದಿದ್ದೆ. ಅರವತ್ತು ಹುಡುಗರ ಎದುರಿಗೆ, ಬೋರ್ಡಿನ ಕಡೆ ತಿರುಗಿಕೊಂಡು, ಡಸ್ಟರ್ ಕೈಯಲ್ಲಿ, ಮುಂದಿನ ಬೆಂಚಿನ ಸೌಮ್ಯ ನಮ್ಮೂರ ಪಕ್ಕದವಳು, ಹೆಸರು ಕೇಳಿದರೆ ಅವಳಿಗೆ ಎಲ್ಲ ಗೊತ್ತಾಗುತ್ತದೆ, ಆಗ ಇವರೆಲ್ಲ ನನ್ನನ್ನು ಮೇಡಂ ಅನ್ನುತ್ತಾರಾ, ಅಂದುಕೊಂಡದ್ದು ಅಷ್ಟು ಹೊತ್ತಿನಲ್ಲೇ, ಬಾಯಿಂದ ಬಂದದ್ದು ಅದು. ಬೆಳಗಿನಿಂದ ಹುಡುಕುತ್ತಿರುವ ಲೈಸೆನ್ಸು ಅದೇ, ಪಟ್ಟಿಯ ಮೊದಲನೆಯದು, ಹಕ್ಕೂ ಬೇಡ ಹೆಸರೂ ಬೇಡ, ಬಾಯಲ್ಲೇ ಕೊಟ್ಟುಬಿಟ್ಟಿದ್ದೆ, ಯತೀಶ್ ಸರ್ ಹೇಳಿಕೊಡುವುದಕ್ಕೆ ನಾಲ್ಕು ವರ್ಷ ಮುಂಚೆಯೇ. ಪ್ರೀತಂ ಓನರ್ ಆಂಟಿಗೆ ಏನು ಹೇಳಿದ ಎಂದು ಹತ್ತು ಗಂಟೆಗೆ ಕಿರುಚಿದವಳು ನಾನು. ಥೂ ನನ್ನ. ಮೇಡಂ, ಇದೀರಾ, ಸಾರಿ ಮೇಡಂ, ಯಾರ ಹೆಸರು ಅಂತ ಈಗ ಹೇಳಿ, ಈಗ್ಲೇ ಬದಲಾಯಿಸ್ತೀನಿ, ಬಹುಮಾನ ಕೊಟ್ಟವ್ರಿಗೂ ನಾನೇ ಹೇಳ್ತೀನಿ, ಕೆ.ಎಸ್. ಅಂದ್ರೆ ಯಾರು ಮೇಡಂ. ಬಾಗಿಲಲ್ಲಿ ಯತೀಶ್ ಸರ್ ಬುತ್ತಿ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ ನಿಂತಿದ್ದಾರೆ, ಅವರಿಗೂ ತಿಳಿಯಬೇಕಾಗಿದೆ, ಮೊದಲ ಸಲ ಒಳಗೆ ಎರಡು ಹೆಜ್ಜೆ ಇಟ್ಟಿದ್ದಾರೆ. ಪರದೆಯ ಮೇಲೆ ಹೆಸರು ಪೂರ್ತಿ ಇದೆ, ಅಯ್ಯ ಇದೆ, ನೀರುಗಂಟಿ ಇದೆ, ಓದಿದರೆ ಸಾಕು, ನನ್ನದೇ ಕೈಬರಹದಷ್ಟು ಹತ್ತಿರ, ಕಣ್ಣು ಮೊದಲಿನ ಕ ದಾಟುತ್ತಿಲ್ಲ, ಮೇಡಂ ಕೇಳಿಸ್ತಾ ಇದೆಯಾ ಅನ್ನುತ್ತಿದ್ದಾನೆ ಅವನು, ಕೇಳಿಸುತ್ತಿದೆ, ಎರಡನೇ ಸಾಲು, ಕೆಂಪು ದಾರದ ಮಣಿಕಟ್ಟು, ಬಿಡಿಸಿದ ಐದು ಬೆರಳು, ನನ್ನ ಬೆನ್ನ ಹಿಂದೆ ಇನ್ನೂ ಎತ್ತಿಯೇ ಇರುವ ಆ ಕೈ